ಎಳ್ಳುಕಾಳಿನ ಅರ್ಧ

ಇಳಿ ಅಂದರೆ ಇಳಿಯದು. ಗೋಡೆಯ ತುಂಬ ಹರಡಿದ್ದ ಪರದೆಯ ಮೇಲೆ ಆ ಒಂದು ಕೆಂಪು ಗೆರೆ, ದಾರಿಯ ನಡುವೆ ನಿಂತ ಎಮ್ಮೆಯ ಹಾಗೆ, ನಿಂತಲ್ಲೇ ನಿಂತುಬಿಟ್ಟಿತ್ತು. ಅದನ್ನು ನೋಡೀ ನೋಡೀ ಕಸ್ತೂರಿಗೆ ತಲೆ ಚಿಟ್ಟು ಹಿಡಿದಿತ್ತು. ಬೇರೆ ಯಾರದೋ ಗೆರೆಯಾಗಿದ್ದರೆ ಇಷ್ಟು ಉರಿ ಇರುತ್ತಿರಲಿಲ್ಲ. ಅದು ಅವಳ ಸ್ವಂತ ಅತ್ತೆ ಗುರಸಿದ್ಧವ್ವನ ಸಕ್ಕರೆಯ ಗೆರೆ.

ಕಸ್ತೂರಿ ಬಾಗಲಕೋಟೆಯ ಗುಳಿಗೆ ಕೇಂದ್ರದಲ್ಲಿ ಔಷಧತಜ್ಞೆ. ಏಕಗುಳಿಗೆ ಯೋಜನೆ ಬಂದ ಮೇಲೆ ಜನ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಅಲೆಯುವುದು ನಿಂತಿತ್ತು. ಕಾಯಿಲೆಯವರ ಮನೆಗೊಂದು ಯಂತ್ರ, ತೋಳಿಗೊಂದು ಪಟ್ಟಿ. ಆ ಪಟ್ಟಿ ಚರ್ಮದಡಿಯ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹಗಲಿರುಳು ಅಳೆದು ಕೇಂದ್ರಕ್ಕೆ ಕಳಿಸುತ್ತದೆ. ಕೇಂದ್ರದ ಗಣಕ ಲೆಕ್ಕ ಹಾಕುತ್ತದೆ. ಬೆಳಗಾದರೆ ಮನೆಯ ಯಂತ್ರ ತನ್ನ ಹೊಟ್ಟೆಯೊಳಗಿನ ಔಷಧಗಳನ್ನು ಪದರ ಪದರವಾಗಿ ಸೇರಿಸಿ, ಆ ದಿನಕ್ಕೆ ಆ ಮನುಷ್ಯನಿಗೆ ಎಷ್ಟು ಬೇಕೋ ಅಷ್ಟೇ ಇರುವ ಒಂದೇ ಒಂದು ಗುಳಿಗೆಯನ್ನು ಅಚ್ಚು ಹಾಕಿ ಕೊಡುತ್ತದೆ. ಅವರೆಕಾಳಿನ ಗಾತ್ರ. ಅದರ ಒಂದು ಮಗ್ಗುಲಿಗೆ ಎಳ್ಳುಕಾಳಿನಷ್ಟು ಕರಿ ಚುಕ್ಕೆ. ಹೊಟ್ಟೆಯ ರಸ ತಾಗಿದ ಕೂಡಲೇ ಆ ಚುಕ್ಕೆ ತೋಳಿನ ಪಟ್ಟಿಗೆ ಸುದ್ದಿ ಮುಟ್ಟಿಸುತ್ತದೆ, ಇಲ್ಲಿ ಪರದೆಯ ಮೇಲೆ 'ನುಂಗಿದ್ದಾರೆ' ಎಂಬ ಹಸಿರು ದೀಪ ಹತ್ತುತ್ತದೆ. ಯಂತ್ರಕ್ಕೆ ಉದ್ದನೆಯದೊಂದು ಸರಕಾರಿ ಹೆಸರಿತ್ತು. ಜನ ಅದನ್ನು ಮೂಲೆಗೆಸೆದು 'ಗುಳಿಗಿ ಗಿರಣಿ' ಅಂದರು. ಹಿಟ್ಟಿನ ಗಿರಣಿಯಂತೆಯೇ ಅದೂ ಬೆಳಿಗ್ಗೆ ಗುರ್ ಅನ್ನುತ್ತಿತ್ತಲ್ಲ.

ಬಹುಪಾಲು ಜನರ ಗೆರೆಗಳು ಹೇಳಿದ ಮಾತು ಕೇಳುತ್ತಿದ್ದವು. ಕೆಲವು ಮಾತ್ರ ಕೇಳುತ್ತಿರಲಿಲ್ಲ. ದಿನವೂ ಹಸಿರು ದೀಪ ಹತ್ತುತ್ತದೆ, ಗುಳಿಗೆ ಹೊಟ್ಟೆ ಸೇರಿದ್ದು ಖಾತ್ರಿ, ಆದರೂ ಗೆರೆ ಇಳಿಯದು. ಕೇಂದ್ರದವರು ಅಂಥವರಿಗೆ 'ಹಠಮಾರಿಗಳು' ಎಂದು ಹೆಸರಿಟ್ಟಿದ್ದರು. ಗೆರೆ ಇಳಿಯದಿದ್ದರೆ ಗಣಕ ಡೋಸು ಏರಿಸುವ ಸಲಹೆ ಕೊಡುತ್ತದೆ, ಔಷಧತಜ್ಞರು 'ಒಪ್ಪಿಗೆ' ಒತ್ತಬೇಕು. ಅತ್ತೆಯ ಹೆಸರಿನ ಮುಂದೆ ಕಸ್ತೂರಿ ಎಷ್ಟು ಸಲ ಒಪ್ಪಿಗೆ ಒತ್ತಿದ್ದಳೋ ಅವಳಿಗೇ ನೆನಪಿಲ್ಲ.

ಕೇಂದ್ರದ ಮುಖ್ಯಸ್ಥ ಮುದಗಲ್ ಸಾಹೇಬರು ಬೆನ್ನ ಹಿಂದೆ ಬಂದು ನಿಂತರು. ಒಳ್ಳೆಯ ಮನುಷ್ಯ. ಆದರೆ ಯಂತ್ರ ಹೇಳಿದ್ದು ವೇದವಾಕ್ಯ ಅಂತ ನಂಬಿದವರು.

"ಏನ್ ಕಸ್ತೂರಿ ಅವರ, ನಿಮ್ಮ ಅತ್ತೀನs ಹಠಮಾರಿಗಳೊಳಗ ಮೊದಲನೇ ನಂಬರ್ ಅದಾರಲ್ಲರಿ! ಊರಿಗೆಲ್ಲಾ ಬುದ್ಧಿ ಹೇಳೋರು ನೀವು."

"ದೀಪದ ಬುಡದಾಗ ಕತ್ತಲಿ ಸರ್, ಏನ್ ಮಾಡ್ಲಿ" ಎಂದು ಕಸ್ತೂರಿ ಹಲ್ಲು ಕಚ್ಚಿ ನಕ್ಕಳು. "ಆದರ ಸರ್, ಇಷ್ಟು ಡೋಸಿಗೂ ಇಳೀದಿಲ್ಲ ಅಂದ್ರ ಬ್ಯಾರೆ ಏನರ ಇರಬೇಕು. ಏರಿಸೋದು ಸ್ವಲ್ಪ ನಿಲ್ಲಸೋಣೇನ್ರಿ?"

"ಬ್ಯಾರೆ ಏನಿರತೈತ್ರಿ? ಗುಳಿಗಿ ನುಂಗಿಲ್ಲ, ಇಲ್ಲಾ ತಿನ್ನಬಾರದ್ದು ತಿಂದಾರ, ಇಲ್ಲಾ ಜ್ವರ ಬಂದೈತಿ, ಇಲ್ಲಾ ಪಟ್ಟಿ ಕೆಟ್ಟೈತಿ. ಯಂತ್ರದಾಗ ಕಾರಣ ಅಂತ ಇರೋದು ಇವು ನಾಕs. ನುಂಗಿದ್ದಕ್ಕ ದೀಪ ಐತಿ, ಜ್ವರ ಇಲ್ಲ, ಪಟ್ಟಿ ಹೊಸಾದು. ಉಳಿದಿದ್ದು ಬಾಯಿಚಪಲ. ಒಪ್ಪಿಗೆ ಒತ್ತರಿ."

ಕಸ್ತೂರಿ ಒತ್ತಿದಳು.

ಗುಳೇದಗುಡ್ಡದ ಬಸ್ಸು ಹತ್ತಿ ಮನೆಗೆ ಬರುವ ಹೊತ್ತಿಗೆ ಅವಳ ಸಿಟ್ಟು ಹದವಾಗಿ ಕುದಿದು ಮೇಲಕ್ಕೆ ಬಂದಿತ್ತು. ಗಂಡ ಖಣದ ಗಂಟು ಹೊತ್ತು ಸೊಲ್ಲಾಪುರದ ವ್ಯಾಪಾರಕ್ಕೆ ಹೋಗಿದ್ದ. ಸಿಟ್ಟು ತೀರಿಸಿಕೊಳ್ಳಲು ಮನೆಯಲ್ಲಿ ಅತ್ತೆಯೊಬ್ಬಳೇ ಇದ್ದಳು.

"ಅತ್ತೀ, ಇವತ್ತ ಗುಳಿಗಿ ತಗೊಂಡ್ರಿ?"

"ತಗೊಂಡ್ನೆವ್ವಾ. ನಿಮ್ಮ ದೀಪಾ ಹತ್ತಿಲ್ಲೇನು?"

"ಹತ್ತೈತಿ. ಅದs ನನಗ ತಲಿ ಕೆಡಸೇತಿ. ಏನ್ ತಿಂದ್ರಿ ಇವತ್ತ? ಖರೇ ಹೇಳ್ರಿ."

ಗುರಸಿದ್ಧವ್ವ ಖರೆ ಹೇಳುವ ಮೊದಲೇ ಗೋಡೆ ಹೇಳಿತು. ಅಡುಗೆಮನೆಯ ನಡುಗೋಡೆಯ ಗೂಡಿನಿಂದ ಬಳೆಗಳ ಸದ್ದಾಯಿತು, ಒಂದು ಕೈ ಬಂತು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರ್ಧ ಶೇಂಗಾ ಹೋಳಿಗೆ.

ಈ ಗೂಡಿನ ಕತೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗುರಸಿದ್ಧವ್ವನ ಗಂಡನೂ ಅವನ ತಮ್ಮನೂ ಜಗಳಾಡಿ ಪಾಲಾದಾಗ ಮನೆಯ ನಟ್ಟನಡುವೆ ಗೋಡೆ ಎದ್ದಿತು. ಗಂಡಸರು ಮಾತು ಬಿಟ್ಟರು. ಹೆಂಗಸರು ಬಿಡಲಿಲ್ಲ. ಗುರಸಿದ್ಧವ್ವ ಮತ್ತು ಅವಳ ನೆಗೆಣ್ಣಿ, ಮೈದುನನ ಹೆಂಡತಿ ನೀಲಗಂಗವ್ವ, ಇಬ್ಬರೂ ಸೇರಿ ಗೌಂಡಿಗೆ ಹೊಟ್ಟೆತುಂಬ ಉಣಿಸಿ, ಅಡುಗೆಮನೆಯ ಕಡೆ ಒಂದು ಗೂಡನ್ನು ಆರುಪಾರು ಬಿಡಿಸಿಕೊಂಡರು. ಆ ಗೂಡಿನಲ್ಲಿ ತಲೆ ತೂರದು, ತೋಳು ತೂರುತ್ತದೆ. ಅಂದಿನಿಂದ ಈ ಮನೆಗೆ ಬಂದದ್ದರಲ್ಲಿ ಅರ್ಧ ಆ ಮನೆಗೆ, ಆ ಮನೆಗೆ ಬಂದದ್ದರಲ್ಲಿ ಅರ್ಧ ಈ ಮನೆಗೆ. ತೆಂಗಿನಕಾಯಿ ಒಡೆದರೆ ಒಂದೊಂದು ಹೋಳು. ಸೀರೆಯ ಜೊತೆ ಬಂದ ಖಣವನ್ನೂ ಒಮ್ಮೆ ನಡುವೆ ಕತ್ತರಿಸಿಕೊಂಡಿದ್ದರಂತೆ, ಇಬ್ಬರಿಗೂ ಕುಪ್ಪಸವಾಗಲಿಲ್ಲ. ಗಂಡಂದಿರು ಸತ್ತು ಎಷ್ಟೋ ಕಾಲವಾಯಿತು, ಗೂಡು ಮುಚ್ಚಲಿಲ್ಲ.

"ಸಣ್ಣತ್ತೀ!" ಕಸ್ತೂರಿ ಆ ಕೈಗೆ ಕೂಗಿದಳು. "ಹೋಳಗಿ ಕೊಡಬ್ಯಾಡ್ರಿ ಅಂತ ಎಷ್ಟ್ ಸಲಾ ಹೇಳೇನಿ? ನಿಮ್ಮ ಅಕ್ಕಗ ಸಕ್ಕರಿ ಐತಿ!"

ಗೂಡಿನಾಚೆಯಿಂದ ನೀಲಗಂಗವ್ವನ ದನಿ ಬಂತು. ಮೊದಲಿನ ಗಡಸು ಅದರಲ್ಲಿರಲಿಲ್ಲ.

"ಅರ್ಧs ಐತೆವ್ವಾ. ನಾ ಮಾಡಿದ್ದಾದ್ರೂ ಯಾಕ? ಜೀವ ತಡೀಲಾರದಕ್ಕ. ಹೊತ್ತೇರಿದ್ರ ಸಾಕು, ಕೈಕಾಲು ನಡಗತಾವ, ಮೈಯೆಲ್ಲಾ ನೀರಾಗತೈತಿ. ಸಿಹಿ ತಿಂದ ಮ್ಯಾಲೆ ಜೀವ ಬರತೈತಿ. ಇವತ್ತ ಬಟ್ಟಿ ಒಗಿಯೋ ಕಲ್ಲಿನ ಮ್ಯಾಲs ಬಿದ್ದೆ ನೋಡು."

ಕಸ್ತೂರಿ ಹಿತ್ತಲಿನಿಂದ ಸುತ್ತಿಕೊಂಡು ಹೋಗಿ ನೋಡಿದಳು. ಮುದುಕಿಯ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬಾವು. ಎರಡು ಸಲ ದವಾಖಾನೆಗೆ ತೋರಿಸಿಯಾಗಿತ್ತು. ಎರಡೂ ಸಲ ದವಾಖಾನೆ ಮುಟ್ಟುವುದರೊಳಗೆ ಯಾರೋ ಬಾಯಿಗೆ ಬೆಲ್ಲ ಹಾಕಿದ್ದರು. ಡಾಕ್ಟರು ಸಕ್ಕರೆ, ಬಿಪಿ ಎಲ್ಲ ನೋಡಿ, "ಏನೂ ಇಲ್ಲಜ್ಜೀ, ನಿಶ್ಶಕ್ತಿ" ಅಂದು ಟಾನಿಕ್ ಬರೆದು ಕಳಿಸಿದ್ದರು. ಗುಳಿಗೆ ಗಿರಣಿಯವರು ಓಣಿಗೆ ಬಂದಾಗಲೂ ಅಷ್ಟೇ. ಎಲ್ಲರ ತೋಳಿಗೂ ಪಟ್ಟಿ ಹಚ್ಚಿ ನೋಡಿ, ಗುರಸಿದ್ಧವ್ವನಿಗೆ ಸಕ್ಕರೆ ಕಾಯಿಲೆ ಅಂದರು, ನೀಲಗಂಗವ್ವನಿಗೆ ಏನೂ ಇಲ್ಲ ಅಂದರು. ಏನೂ ಇಲ್ಲ ಅಂದದ್ದಕ್ಕೆ ಆ ಮುದುಕಿ ಖುಷಿಪಡುವುದು ಬಿಟ್ಟು ಎಂಟು ದಿನ ಮುಖ ಊದಿಸಿಕೊಂಡು ಕೂತಿದ್ದಳು. "ಸರಕಾರದ ಕಣ್ಣಿಗೂ ದೊಡ್ಡಾಕಿನs ಕಾಣಸ್ತಾಳ. ನನ್ನ ಮೊಣಕಾಲು ನೋಯೋದು ಯಾರಿಗೂ ಕಾಣಂಗಿಲ್ಲ" ಎಂದು ಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದಳು.

ಈಗ ಕಸ್ತೂರಿಗೆ ಎರಡು ತಲೆನೋವು. ಈ ಕಡೆಯ ಮುದುಕಿಗೆ ಸಕ್ಕರೆ ಇಳಿಯಲೊಲ್ಲದು. ಆ ಕಡೆಯ ಮುದುಕಿ ಕಾರಣವಿಲ್ಲದೆ ಬೀಳುತ್ತಾಳೆ. ಒಬ್ಬಳಿಗೆ ಸಿಹಿ ಬಿಡಿ ಅನ್ನಬೇಕು, ಇನ್ನೊಬ್ಬಳಿಗೆ ಸಿಹಿಯಿಂದಲೇ ಜೀವ. ಎರಡನ್ನೂ ಕೂಡಿಸಿ ನೋಡುವಷ್ಟು ಪುರುಸೊತ್ತು ಅವಳ ಸಿಟ್ಟಿಗೆ ಇರಲಿಲ್ಲ. ದಿನವಿಡೀ ಫೋನಿನಲ್ಲಿ ಊಟದ ನಂತರ ನುಂಗಿ, ಅಗಿಯಬೇಡಿ, ಆರಾಮಾಯಿತು ಅಂತ ಬಿಡಬೇಡಿ ಎಂದು ಹೇಳೀ ಹೇಳೀ ಬಾಯಿ ಒಣಗಿರುತ್ತಿತ್ತು. ಮನೆಯಲ್ಲೂ ಅದನ್ನೇ ಹೇಳುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ ಅನ್ನಿಸುತ್ತಿತ್ತು. ಅವಳು ಹೋಳಿಗೆಯ ತಟ್ಟೆಯನ್ನು ಎತ್ತಿ ಬೀರುವಿನಲ್ಲಿಟ್ಟು ಕೀಲಿ ಹಾಕಿದಳು. ಗುರಸಿದ್ಧವ್ವ ಸೊಸೆಯ ಬೆನ್ನು ನೋಡುತ್ತ, "ಅತ್ತೀಗೊಂದು ಕಾಲಾ, ಸೊಸೀಗೊಂದು ಕಾಲಾ" ಎಂದು ಗೊಣಗಿದಳು.

ಮರುದಿನ ಕಸ್ತೂರಿಗೆ ಎಂದಿನ ಬಸ್ಸು ತಪ್ಪಿತು. ಮುಂದಿನದು ಬರುವುದು ತಡ ಎಂದು ಗೊತ್ತಾಗಿ, ಮರೆತು ಬಂದಿದ್ದ ಊಟದ ಡಬ್ಬಿಯನ್ನಾದರೂ ತರೋಣವೆಂದು ಮನೆಗೆ ತಿರುಗಿದಳು. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಗಿರಣಿ ಗುರ್ ಅಂದು ನಿಂತ ಸದ್ದು ಕೇಳಿತು. ಆಮೇಲೆ ಇನ್ನೊಂದು ಸದ್ದು, ಕಟ್ ಅಂತ.

ಅತ್ತೆ ಗೂಡಿನ ಕೆಳಗೆ ಕೂತಿದ್ದಳು. ಕೈಯಲ್ಲಿ ಅಡಕತ್ತರಿ. ಎದುರಿನ ತಟ್ಟೆಯಲ್ಲಿ ಗುಳಿಗೆ ಎರಡು ಹೋಳಾಗಿತ್ತು. ಅವಳು ಕಣ್ಣು ಕಿರಿದು ಮಾಡಿ, ಕರಿ ಚುಕ್ಕೆಯಿದ್ದ ಹೋಳನ್ನು ತನ್ನ ಕಡೆ ಸರಿಸಿಕೊಂಡು, ಇನ್ನೊಂದನ್ನು ಎತ್ತಿ ಗೂಡಿನತ್ತ ಚಾಚಿದಳು. ಆ ಕಡೆಯಿಂದ ಬಳೆಗಳ ಕೈ ಬಂದಿತ್ತು.

"ಅತ್ತೀ! ಏನ್ ಮಾಡಾಕತ್ತೀರಿ?"

ಬಳೆಗಳ ಕೈ ಸರಕ್ಕನೆ ಹಿಂದೆ ಹೋಯಿತು. ಗುರಸಿದ್ಧವ್ವ ಬೆದರಿದಳು, ಮರುಗಳಿಗೆಯೇ ಸಾವರಿಸಿಕೊಂಡಳು. ಅವಳಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಂಡಿರಲಿಲ್ಲ.

"ಏನ್ ಮಾಡಾಕತ್ತೇನಿ? ನೀಲಾನ ಪಾಲು ಕೊಡಾಕತ್ತೇನಿ."

"ಪಾಲು? ಔಷಧದಾಗ ಪಾಲು? ಎಂದಿನಿಂದ ನಡದೈತಿ ಇದು?"

"ಗಿರಣಿ ಬಂದಾಗಿನಿಂದ. ಆಕಿಗೆ ಸರಕಾರದವರು ಏನೂ ಕೊಡಲಿಲ್ಲ. ಹಬ್ಬದಾಗ ಉಪಾಸ ಕುಂತಾಕಿನಂಗ ಮಾರಿ ಮಾಡ್ಕೊಂಡು ಕುಂತ್ಲು. ನಾ ಒಬ್ಬಾಕಿನs ಹೆಂಗ ನುಂಗ್ಲಿ ಹೇಳು? ಗಂಟಲದಾಗ ಇಳೀತೈತೇನು?"

"ಮತ್ತ ನನ್ನ ಮುಂದ ತಗೊಂಡೇನಿ ಅಂದ್ರಿ!"

"ತಗೊಂಡೇನಲ್ಲ! ಎಷ್ಟು ಅಂತ ನೀ ಎಂದರ ಕೇಳೀಯೇನು?" ಗುರಸಿದ್ಧವ್ವ ಚುಕ್ಕೆಯ ಹೋಳನ್ನು ಎತ್ತಿ ತೋರಿಸಿದಳು. "ಮೊದಲನೇ ದಿನಾ ಈ ಎಳ್ಳು ಇರೋ ಅರ್ಧಾ ನೀಲಾಗ ಹೋಗಿತ್ತು. ನೀನs ಫೋನ್ ಮಾಡಿ, ಅತ್ತೀ ಗುಳಿಗಿ ನುಂಗಿಲ್ಲ ಅಂತ ಬೈದಿ. ಅವತ್ತಿನಿಂದ ಎಳ್ಳಿಂದು ನನಗ, ಬೋಳು ಆಕಿಗೆ. ನಿನ್ನ ದೀಪಾನೂ ತಪ್ಪಿಸಿಲ್ಲ, ಆಕಿ ಪಾಲೂ ತಪ್ಪಿಸಿಲ್ಲ."

ಕಸ್ತೂರಿಗೆ ಆ ಫೋನು ನೆನಪಾಯಿತು. ನಿಂತಲ್ಲೇ ಅವಳಿಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ರೋಗವೇ ಇಲ್ಲದ ಹೆಂಗಸಿಗೆ ದಿನವೂ ಸಕ್ಕರೆ ಇಳಿಸುವ ಔಷಧ. ಅದಕ್ಕೇ ನಡುಕ, ಅದಕ್ಕೇ ಬೆವರು, ಅದಕ್ಕೇ ಒಗೆಯುವ ಕಲ್ಲಿನ ಮೇಲೆ ಬಿದ್ದದ್ದು. ಬಿದ್ದವಳು ಜೀವಕ್ಕೆ ಸಿಹಿ ಮಾಡಿ ತಿಂದಳು, ಪಾಲು ತಪ್ಪಿಸದೆ ಅರ್ಧ ಅಕ್ಕನಿಗೆ ಕೊಟ್ಟಳು. ಅಕ್ಕನ ಸಕ್ಕರೆ ಏರಿತು. ಯಂತ್ರ ಡೋಸು ಏರಿಸಿತು. ಅಕ್ಕ ಆ ಏರಿದ ಡೋಸಿನಲ್ಲೂ ಅರ್ಧ ತಂಗಿಗೆ ಕೊಟ್ಟಳು. ಎತ್ತಿನ ಗಾಣದ ಹಾಗೆ ಸುತ್ತಿದ್ದೇ ಸುತ್ತಿದ್ದು. ಗಾಣಕ್ಕೆ ದಿನವೂ ಎಣ್ಣೆ ಹಾಕಿದವಳು, ಒಪ್ಪಿಗೆ ಒತ್ತೀ ಒತ್ತೀ, ಇವಳೇ.

ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

"ನಿಮಗ ಜೀವದ ಮ್ಯಾಲೆ ಆಸೆ ಐತೋ ಇಲ್ಲೋ? ಇದೇನು ಕೊಬ್ಬರಿ ಹೋಳು ಅಂದ್ಕೊಂಡೀರೇನು? ಒಬ್ಬರ ಗುಳಿಗಿ ಇನ್ನೊಬ್ಬರಿಗೆ ಇಸಾ! ಸಣ್ಣತ್ತಿ, ನೀವೂ ಕೇಳ್ರಿ, ನಿಮ್ಮ ಚಕ್ಕರ್, ನಿಮ್ಮ ನಡುಕ ಎಲ್ಲಾ ಇದರಿಂದs! ಅತ್ತೀನs ಒಡದು ನಿಮಗ ಹಾಕಾಕತ್ತಾರ, ನೀವು ನುಂಗಾಕತ್ತೀರಿ. ಇಷ್ಟು ವಯಸ್ಸಾತು, ಬುದ್ಧಿ ಎಲ್ಲಿಟ್ಟೀರಿ ಇಬ್ಬರೂ?"

ಗೂಡಿನಾಚೆಯಿಂದ ನೀಲಗಂಗವ್ವನ ದನಿ ಬಂತು: "ನಮ್ಮಕ್ಕ ನನಗ ಇಸಾ ಹಾಕ್ತಾಳಂತ ಅಂದಿ? ಈ ಮಾತು ಕೇಳಾಕ ನಾ ಇನ್ನs ಬದುಕೇನಲ್ಲ." ಬಾಗಿಲು ದಢಾರನೆ ಬಿತ್ತು.

ಕಸ್ತೂರಿ ಹಿತ್ತಾಳೆಯ ಕೊಡವನ್ನು ಎತ್ತಿ ಗೂಡಿನ ಬಾಯಿಗೆ ಒತ್ತಿಟ್ಟಳು. ನೀರಿನ ಲೋಟ ತಂದು ಅತ್ತೆಯ ಮುಂದೆ ಕುಕ್ಕಿದಳು.

"ಎರಡೂ ಹೋಳು ನುಂಗ್ರಿ. ನನ್ನ ಕಣ್ಣ ಮುಂದ."

ಗುರಸಿದ್ಧವ್ವ ಸೊಸೆಯನ್ನು ನೋಡಿದಳು, ಮುಚ್ಚಿದ ಗೂಡನ್ನು ನೋಡಿದಳು. ಎರಡೂ ಹೋಳುಗಳನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಕಸ್ತೂರಿ ಡಬ್ಬಿ ತೆಗೆದುಕೊಂಡು ಹೊರಟಳು. ಹಿಂದೆ ಅಗುಳಿ ಬಿದ್ದ ಸದ್ದು ಕೇಳಿತು.

ಬಸ್ಸಿನಲ್ಲಿ ಕಿಟಕಿಯ ಗಾಳಿ ಮುಖಕ್ಕೆ ಬಡಿದು ಸಿಟ್ಟು ಒಂದಿಷ್ಟು ಆರಿತು. ಸಿಟ್ಟು ಆರಿದ ಜಾಗಕ್ಕೆ ಬುದ್ಧಿ ಬಂತು. ಬುದ್ಧಿ ಬಂದದ್ದೇ ಅವಳು ಸೀಟಿನಿಂದ ಎದ್ದು ನಿಂತಳು.

ಅರ್ಧ ನುಂಗುವವಳ ಲೆಕ್ಕಕ್ಕೆ ಏರಿಸಿಕೊಂಡು ಬಂದ ಡೋಸು ಅದು. ಅದೂ ದಿನಾ ಹೋಳಿಗೆಯೋ ಲಾಡುವೋ ತಿನ್ನುತ್ತಿದ್ದವಳ ಲೆಕ್ಕಕ್ಕೆ. ಇವತ್ತು ಅದೇ ಅತ್ತೆಯ ಹೊಟ್ಟೆಗೆ ಪೂರಾ ಗುಳಿಗೆ ಹೋಗಿದೆ, ಸಿಹಿ ಬೀರುವಿನಲ್ಲಿ ಕೀಲಿಯೊಳಗಿದೆ, ಗೂಡು ಮುಚ್ಚಿದೆ, ಮುನಿಸಿನಲ್ಲಿ ಮುದುಕಿ ರೊಟ್ಟಿಯನ್ನೂ ಮುಟ್ಟಿರಲಿಕ್ಕಿಲ್ಲ. ಪಾಲು ನಿಲ್ಲಿಸುವ ಮೊದಲು ಡೋಸು ಇಳಿಸಬೇಕಿತ್ತು. ಔಷಧದ ಓದು ಓದಿದ ಯಾವ ಹುಡುಗಿಗೂ ಗೊತ್ತಿರುವ ಮಾತು. ಕೈಯಾರೆ ನುಂಗಿಸಿ ಬಂದಿದ್ದಾಳೆ.

ಮನೆಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಅತ್ತೆಯ ಫೋನು ಯಾವಾಗಲೂ ಪಡಸಾಲೆಯಲ್ಲಿ ಚಾರ್ಜಿಗಿರುತ್ತಿತ್ತು. ನೀಲಗಂಗವ್ವನಿಗೆ ಮಾಡಿದರೆ ಅವಳು ಕಟ್ ಮಾಡಿದಳು. ಬಸ್ಸು ಅದಾಗಲೇ ಬಾಗಲಕೋಟೆಯ ಹತ್ತಿರ ಬಂದಿತ್ತು. ಕಸ್ತೂರಿ ನಿಲ್ದಾಣದಿಂದ ಕೇಂದ್ರದವರೆಗೆ ಸೆರಗು ಹಾರಿಸಿಕೊಂಡು ಓಡಿದಳು.

ಒಳಗೆ ಕಾಲಿಟ್ಟರೆ ಚಪ್ಪಾಳೆ.

"ಬರ್ರಿ ಬರ್ರಿ ಕಸ್ತೂರಿ ಅವರ!" ಮುದಗಲ್ ಸಾಹೇಬರ ಮುಖ ಮದುವೆಮನೆಯ ಯಜಮಾನನ ಮುಖವಾಗಿತ್ತು. "ನೋಡ್ರಿ ನಿಮ್ಮ ಅತ್ತೀನ! ಬಾಗೇ ಬಿಟ್ರು! ನಾ ಹೇಳಿರಲಿಲ್ಲೇನು, ಡೋಸು ಏರಿಸ್ರಿ, ಎಲ್ಲಾ ಸರಿ ಹೋಗತೈತಿ ಅಂತ?"

ಪರದೆಯ ಮೇಲೆ ಗುರಸಿದ್ಧವ್ವನ ಗೆರೆ ಕೆಂಪು ಬಿಟ್ಟು ಹಸಿರಾಗಿತ್ತು. ಹಸಿರಾಗಿ ಇಳಿಯುತ್ತಿತ್ತು. ಇಳಿಯುವ ರೀತಿ ಕಸ್ತೂರಿಗೆ ಗೊತ್ತಾಯಿತು, ಅದು ನಿಲ್ಲುವ ಇಳಿತವಲ್ಲ.

"ಸರ್, ಚಪ್ಪಾಳಿ ನಿಲ್ಲಸ್ರಿ! ಓವರ್‌ಡೋಸು ಅದು! ಇಷ್ಟು ದಿನಾ ಅರ್ಧಾ ಗುಳಿಗಿ ತಗೋತಿದ್ರು, ಇವತ್ತ ಪೂರಾ ತಗೊಂಡಾರ. ಗಾಡಿ ಕಳಸ್ರಿ ಮನೀಗೆ, ಈಗಿಂದೀಗ!"

"ಅರ್ಧಾ ಹೆಂಗ್ರಿ? ದಿನಾ ದೀಪ ಹತ್ತೈತಿ."

"ದೀಪ ಎಳ್ಳುಕಾಳಿಗೆ ಹತ್ತತೈತ್ರಿ, ಗುಳಿಗಿಗೆ ಅಲ್ಲ! ಅಡಕತ್ತರೀಲೆ ಕತ್ತರಿಸಿ ಅರ್ಧಾ ನೆಗೆಣ್ಣಿಗೆ ಕೊಡ್ತಿದ್ರು!"

ಮುದಗಲ್ ಸಾಹೇಬರು ಅವಳನ್ನು ನೋಡಿದ ರೀತಿಯಲ್ಲಿ ಅಪನಂಬಿಕೆಯೂ ಇತ್ತು, ಕನಿಕರವೂ ಇತ್ತು. "ಮೇಡಂ, ಗೆರೆ ಇನ್ನೂ ಹಸಿರು ಪಟ್ಟಿಯೊಳಗs ಐತಿ. ಗಾಡಿ ಕಳಸಬೇಕಂದ್ರ ಕೆಳಗಿನ ಗಡಿ ದಾಟಬೇಕು. ಯಂತ್ರ ಕೇಳಂಗಿಲ್ಲ."

"ಯಂತ್ರ ಕೇಳದಿದ್ರ ನೀವು ಕೇಳ್ರಿ! ನೀವು ಮನಷ್ಯಾರಲ್ಲೇನು?"

ಕೇಂದ್ರದಲ್ಲಿ ಯಾರೂ ಸಾಹೇಬರಿಗೆ ಹಾಗೆ ಅಂದಿರಲಿಲ್ಲ. ಅವರು ದವಾಖಾನೆಯ ಗಾಡಿಗೆ ತಮ್ಮ ಫೋನಿನಿಂದಲೇ ಕರೆ ಮಾಡಿದರು. ಗಾಡಿ ಕಮತಗಿಯ ಕಡೆ ಹೋಗಿತ್ತು, ಬರಬೇಕಾದರೆ ಹೊತ್ತು ಬೇಕಿತ್ತು.

ಕಸ್ತೂರಿ ನೀಲಗಂಗವ್ವನಿಗೆ ಇನ್ನೊಮ್ಮೆ ಫೋನು ಮಾಡಿದಳು. ಕಟ್ ಆಯಿತು. ಮತ್ತೆ ಮಾಡಿದಳು, ಮತ್ತೆ ಕಟ್. ಮುದುಕಿ ಬೇಕೆಂದೇ ಕಟ್ ಮಾಡುತ್ತಿದ್ದಳು. ಪರದೆಯ ಮೇಲೆ ಗೆರೆ ಇಳಿಯುತ್ತಲೇ ಇತ್ತು. ಕಸ್ತೂರಿ ಬಿಡಲಿಲ್ಲ. ಕೊನೆಗೆ ಆ ಕಡೆಯಿಂದ ದನಿ ಬಂತು.

"ಏನವ್ವಾ ಡಾಕ್ಟರ? ಇನ್ನೂ ಏನರ ಇಸಾ ಉಳದೈತೇನು ಹೇಳೋದು?"

"ಸಣ್ಣತ್ತೀ, ನಿಮ್ಮ ಕಾಲಿಗೆ ಬೀಳ್ತೀನಿ, ಆಮ್ಯಾಲೆ ಬೈರಿ. ಅತ್ತೀಗೆ ನಿಮಗ ಆಗತಿತ್ತಲ್ಲ, ಆ ನಡುಕ, ಆ ಬೆವರು, ಅದು ಬರಾಕತ್ತೈತಿ. ನಿಮಗಿಂತ ಜೋರು. ಪೂರಾ ಗುಳಿಗಿ ನಾನs ನುಂಗಿಸಿ ಬಂದೇನಿ. ಲಗೂ ಬೆಲ್ಲಾ ತಗೊಂಡು ಹೋಗ್ರಿ."

ಮುನಿಸು ಎಲ್ಲಿ ಹೋಯಿತೋ, ಫೋನಿನಲ್ಲಿ ದಡಬಡ ಸದ್ದಾಯಿತು. ಬಾಗಿಲು ಬಡಿದದ್ದು ಕೇಳಿತು. "ಅಕ್ಕಾ! ಅಕ್ಕಾ, ಬಾಗಲಾ ತಗಿ!" ಮುಂಬಾಗಿಲಿಗೂ ಹಿತ್ತಲ ಬಾಗಿಲಿಗೂ ಒಳಗಿನಿಂದ ಅಗುಳಿ. ಮತ್ತೆ ದಡಬಡ. ಹಿತ್ತಾಳೆಯ ಕೊಡ ಕಲ್ಲಿನ ಮೇಲೆ ಉರುಳಿದ ಸದ್ದು.

"ಕಸ್ತೂರಿ, ಗೂಡಿನ್ಯಾಗಿಂದ ಕಾಣಾಕತ್ತಾಳ. ಗ್ವಾಡಿಗೆ ಆತು ಕುಂತಾಳ. ಮೈಯೆಲ್ಲಾ ತೊಯ್ದೈತಿ. ಏನೇನೋ ಬಡಬಡಸಾಕತ್ತಾಳವ್ವಾ, ಸತ್ತ ಗಂಡನ ಹೆಸರು ಹಿಡದು ಕರ್ಯಾಕತ್ತಾಳ. ನನ್ನ ಕೈ ಮುಟ್ಟಂಗಿಲ್ಲ ಆಕಿಗೆ!"

"ಕರೀರಿ. ಎಚ್ಚರದಾಗ ಇದ್ದಾರ ಅಂದ್ರ ಕರದ್ರ ಕೇಳತೈತಿ. ಜೋರಾಗಿ ಕರೀರಿ."

"ಅಕ್ಕಾ! ಅಕ್ಕಾ!"

ಗೆರೆ ಹಸಿರು ಪಟ್ಟಿಯನ್ನು ದಾಟಿ ಕೆಳಗಿಳಿಯಿತು. ಯಂತ್ರ ಆಗ ಎಚ್ಚೆತ್ತು ಗಂಟೆ ಬಾರಿಸತೊಡಗಿತು. ಕೇಂದ್ರದವರೆಲ್ಲ ಎದ್ದು ನಿಂತರು. ಕಸ್ತೂರಿಗೆ ಫೋನಿನ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಅತ್ತೆ ಹೋಗಿಬಿಟ್ಟರೆ ತಾನು ಯಾರಿಗೆ ಮುಖ ತೋರಿಸಲಿ?

ಆ ಕಡೆ ನೀಲಗಂಗವ್ವ ಕೂಗುವುದನ್ನು ನಿಲ್ಲಿಸಿದಳು. ಆಮೇಲೆ ಕೇಳಿದ ದನಿ ಕೂಗಿನದಲ್ಲ, ದಿನವೂ ಗೂಡಿನಲ್ಲಿ ಆಡುತ್ತಿದ್ದ ದನಿ.

"ಅಕ್ಕಾ, ನಿನ್ನ ಪಾಲು ತಗೋ."

ಬಳೆಗಳ ಸದ್ದಾಯಿತು.

"ತಗೋ ಅಕ್ಕಾ. ಆಗಿಂದ ಹಿಡ್ಕೊಂಡು ನಿಂತೇನಿ, ಕೈ ನೋಯಾಕತ್ತೈತಿ. ನಿನ್ನ ಪಾಲು."

ಆಮೇಲೆ ಸೀರೆ ನೆಲಕ್ಕೆ ಉಜ್ಜಿದ ಸದ್ದು.

"ಬಂದ್ಲು" ಎಂದಳು ನೀಲಗಂಗವ್ವ, ಫೋನಿಗೋ ದೇವರಿಗೋ. "ಅಂಬೆಗಾಲಿಲೆ ಬಂದ್ಲು. ಕೈ ಎತ್ತಿದ್ಲು. ತಗೊಂಡ್ಲು. ಬಾಯಾಗ ಹಾಕ್ಕೊಂಡ್ಲು ಯವ್ವಾ! ತಿನ್ನು ಅಕ್ಕಾ, ಪೂರಾ ತಿನ್ನು, ಇವತ್ತ ನನಗ ಪಾಲು ಬ್ಯಾಡ."

ಕಸ್ತೂರಿ ಕುರ್ಚಿ ಎಳೆದು ಪರದೆಯ ಮುಂದೆ ಕೂತಳು. ಗೆರೆ ನಿಂತಿತು, ಆಮೇಲೆ ಮೆಲ್ಲಗೆ ಮೇಲಕ್ಕೆ ತಿರುಗಿತು. ಅವಳು ಕಣ್ಣೊರೆಸಿಕೊಳ್ಳುತ್ತಲೇ ಹೇಳಬೇಕಾದದ್ದನ್ನೆಲ್ಲ ಹೇಳಿದಳು: ಬೆಲ್ಲ ಒಂದರಿಂದಲೇ ಆಗುವುದಿಲ್ಲ, ಆ ಗುಳಿಗೆ ಇನ್ನೂ ಬಹಳ ಹೊತ್ತು ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ, ಮೇಲಿಂದ ರೊಟ್ಟಿ ತಿನ್ನಿಸಿ, ನಿದ್ದೆಗೆ ಬಿಡಬೇಡಿ, ಗಾಡಿ ಬರುತ್ತದೆ, ದವಾಖಾನೆಯಲ್ಲಿ ಒಂದು ದಿನ ಇರಲೇಬೇಕು.

"ಹೂಂ" ಎಂದಳು ನೀಲಗಂಗವ್ವ. ಆಮೇಲೆ ತಡೆದು, "ಅಂದ್ರ ಕಸ್ತೂರಿ, ನಾ ಶಕ್ತಿ ಬರತೈತಿ ಅಂತ ನುಂಗತಿದ್ದೆ. ಶಕ್ತಿ ತಗದಿದ್ದು ಅದs ಏನು?"

"ಅದs ಸಣ್ಣತ್ತೀ. ನಿಮಗ ಏನೂ ರೋಗ ಇರಲಿಲ್ಲ."

"ಮತ್ತ ಮೊಣಕಾಲು?"

"ಅದಕ್ಕ ಬ್ಯಾರೆ ನೋಡೋಣು" ಎಂದು ಕಸ್ತೂರಿ ನಗಲಾರದೆ ನಕ್ಕಳು.

ಅಷ್ಟರಲ್ಲಿ ಪರದೆಯ ಮೇಲೆ ಗುರಸಿದ್ಧವ್ವನ ಹೆಸರಿನ ಕೆಳಗೆ ಹೊಸ ಸಾಲೊಂದು ಮೂಡಿತು. 'ಹಠಾತ್ ಸಕ್ಕರೆ ಏರಿಕೆ. ರೋಗಿ ಸಿಹಿ ಸೇವಿಸಿದ್ದಾರೆ. ನಾಳೆಗೆ ಡೋಸು ಹೆಚ್ಚಿಸಲು ಸಲಹೆ.' ಅದರ ಪಕ್ಕದಲ್ಲಿ 'ಒಪ್ಪಿಗೆ' ಗುಂಡಿ, ಮಿನುಗುತ್ತ.

ಕಸ್ತೂರಿ ಡೋಸು ಇಳಿಸಲು ಹೋದಳು. 'ರೋಗಿ ಪೂರ್ಣ ಗುಳಿಗೆ ನುಂಗಿರುವ ದಾಖಲೆ ಇದೆ. ಇಳಿಸಲು ಕಾರಣ ಆರಿಸಿ' ಎಂದಿತು ಯಂತ್ರ. ಕಾರಣಗಳು ಅವೇ ನಾಲ್ಕು. ಅವಳು ನಾಲ್ಕನ್ನೂ ಓದಿದಳು, ಮತ್ತೆ ಓದಿದಳು. ಜೀವ ಹೋಗಿ ಬಂದ ಮೇಲೂ ಈ ದರಿದ್ರ ಡಬ್ಬಿಗೆ ಬುದ್ಧಿ ಬರಲಿಲ್ಲವಲ್ಲ ಎಂದು ಅವಳ ಮೈ ಉರಿದುಹೋಯಿತು.

"ಸಣ್ಣತ್ತೀ, ಗೂಡಿನ ಬಾಜೂಕ ಗಿರಣಿ ವೈರ್ ಐತಲ್ಲ, ಕೈಗೆ ಸಿಗತೈತೇನು?"

"ಸಿಗತೈತಿ."

"ಕಿತ್ತು ಒಗೀರಿ."

ನೀಲಗಂಗವ್ವ ಅದಕ್ಕೇ ಕಾಯುತ್ತಿದ್ದವಳ ಹಾಗೆ ಒಂದೇ ಏಟಿಗೆ ಕಿತ್ತಳು. ಪರದೆಯ ಮೇಲೆ 'ಯಂತ್ರ ಸಂಪರ್ಕ ಕಡಿತ' ಎಂದು ಬಂತು. ಮುದಗಲ್ ಸಾಹೇಬರು ತಲೆಯ ಮೇಲೆ ಕೈ ಹೊತ್ತರು.

"ಏನ್ ಮಾಡಿಸಿದ್ರಿ ಇದು? ನಿಯಮದ ವಿರುದ್ಧ ಅಲ್ಲೇನ್ರಿ? ನಾ ಮ್ಯಾಲಿನವರಿಗೆ ಏನ್ ಹೇಳ್ಲಿ?"

ಕಸ್ತೂರಿಯ ಕಣ್ಣು ಪರದೆಯ ಮೇಲೇ ಇತ್ತು. ಮೆಲ್ಲಗೆ ಏರುತ್ತಿದ್ದ ಅತ್ತೆಯ ಗೆರೆಯ ಸುತ್ತಮುತ್ತ, ಜಿಲ್ಲೆಯ ತುಂಬ, ಉಳಿದ ಹಠಮಾರಿಗಳ ಕೆಂಪು ಗೆರೆಗಳು ಹಾಗೇ ನಿಂತಿದ್ದವು. ಹಸಿರು ದೀಪ ಎಲ್ಲರಿಗೂ ಹತ್ತಿತ್ತು. ಇಷ್ಟು ದಿನ ಅವಳು ಅವರಿಗೆಲ್ಲ ಫೋನು ಮಾಡಿ ಬೈದಿದ್ದಳು, ತಗೊಂಡಿರಾ ಎಂದು ಕೇಳಿದ್ದಳು, ಎಲ್ಲರೂ ತಗೊಂಡೇನಿ ಅಂದಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ.

ಅವಳು ಫೋನು ಎತ್ತಿಕೊಂಡು ಪರದೆಯ ಮೇಲಿನ ಮೊದಲ ಕೆಂಪು ಗೆರೆಯ ನಂಬರು ಒತ್ತಿದಳು. ಬಾದಾಮಿ ಕಡೆಯ ಹಳ್ಳಿಯೊಂದರ ಮುದುಕ, ಸಂಗನಬಸಪ್ಪ. ಡೋಸು ಎಷ್ಟು ಏರಿಸಿದರೂ ಬಿಪಿ ಇಳಿಯದು.

"ಗುಳಿಗೆ ಕೇಂದ್ರದಿಂದ ಮಾತಾಡೋದ್ರಿ ಅಜ್ಜಾರ."

"ನುಂಗೇನವ್ವಾ, ನುಂಗೇನಿ" ಎಂದಿತು ಆ ಕಡೆಯ ದನಿ, ಪಾಠ ಒಪ್ಪಿಸುವ ಹುಡುಗನ ಹಾಗೆ. "ದೀಪಾ ಹತ್ತಿರಬೇಕಲ್ಲ?"

"ಹತ್ತೈತ್ರಿ. ಅದನ್ನ ಕೇಳಾಕ ಮಾಡಿಲ್ಲ. ಬೈಯಾಕೂ ಮಾಡಿಲ್ಲ." ಕಸ್ತೂರಿ ಉಸಿರು ತೆಗೆದುಕೊಂಡಳು. "ಉಳಿದ ಅರ್ಧಾ ಯಾರಿಗೆ ಕೊಡತೀರ್ರಿ?"

ಆ ಕಡೆ ಯಾರೋ ಕೆಮ್ಮಿದರು. ಹೆಂಗಸಿನ ಬಳೆಗಳ ಸದ್ದಾಯಿತು. ಮುದುಕ ದನಿ ತಗ್ಗಿಸಿ ಕೇಳಿದ:

"ನಿಮಗ ಯಾರು ಹೇಳಿದ್ರವ್ವಾ?"